ಚಕ್ಕುಬಂದಿ

ತಾಲ್ಲೂಕು ಪಂಚಾಯಿತಿಯಿಂದ ನಮೂನೆ ಬಂದಿದೆ: ಗ್ರಾಮದ ಪರಿಚಯ,
ಎರಡು ಪುಟ ಮೀರದಂತೆ, ಶನಿವಾರದೊಳಗೆ.
ಪಾಲೆಮಂದು ಪಂಚಾಯಿತಿಯ ಗುಮಾಸ್ತೆ ನಾನು,
ಒಂಬತ್ತು ವರ್ಷದಿಂದ ಮನೆಗಂದಾಯದ ರಸೀದಿ ಹರಿದುಕೊಟ್ಟವಳು,
ಹುಟ್ಟಿದವರನ್ನೂ ಸತ್ತವರನ್ನೂ ಒಂದೇ ಪೆನ್ನಿನಲ್ಲಿ ಬರೆದವಳು.
ಆದರೂ ಮೊದಲ ಅಂಕಣದಲ್ಲೇ ಸಿಕ್ಕಿಬಿದ್ದಿದ್ದೇನೆ.

ಹೆಸರಿನ ಮೂಲ?
ಪಾಲೆಮರದಡಿಯ ಮಂದು, ಅನ್ನುತ್ತಾರೆ ಚೆಂಬಂಡ ಮೇದಪ್ಪನವರು.
ಮರವೆಲ್ಲಿ ಎಂದರೆ ಕೈ ಹೋಗುವುದು ನೀರಿನ ಟ್ಯಾಂಕಿನ ಕಡೆಗೆ.
ಹುತ್ತರಿಯಲ್ಲಿ ಕೋಲು ಹೊಡೆಯುವವರು ಈಗಲೂ
ಆ ಟ್ಯಾಂಕಿಗೆ ಸುತ್ತು ಬರುತ್ತಾರೆ,
ಟ್ಯಾಂಕಿಗಿಂತ ದೊಡ್ಡ ಸುತ್ತು,
ಮರ ಎಷ್ಟು ಅಗಲವಿತ್ತೋ ಅಷ್ಟು.

ವಿಸ್ತೀರ್ಣ ಹೆಕ್ಟೇರಿನಲ್ಲಿ ಬೇಕಂತೆ.
ಅರಸರ ಕಾಲದ ಶಿಸ್ತಿನ ನಕಲು ಕಪಾಟಿನಲ್ಲಿದೆ, ಗೆದ್ದಲು ತಿಂದು ಉಳಿದದ್ದು;
ಅದರಲ್ಲಿರುವುದು ಭಟ್ಟಿಯ ಲೆಕ್ಕ,
ಗದ್ದೆಯನ್ನು ಅಳೆದದ್ದು ಭತ್ತದಿಂದ, ಹಗ್ಗದಿಂದಲ್ಲ.
ಆಮೇಲೆ ದೊರೆಗಳು ಸರಪಳಿ ಎಳೆದರು,
ಬಾಣೆ, ಜಮ್ಮಾ, ಪೈಸಾರಿ ಎಂದು ಬಣ್ಣ ಹಚ್ಚಿದರು.
ಎಲ್ಲ ಲೆಕ್ಕವನ್ನೂ ಒಂದಕ್ಕೊಂದು ತಾಳೆ ಹಾಕಿದರೆ
ಪ್ರತಿ ಸಲವೂ ಒಂದು ಗದ್ದೆ ತಪ್ಪಿಸಿಕೊಂಡು ಹೋಗುತ್ತದೆ.

ವಿಶೇಷತೆಗಳು ಏನಾದರೂ ಇದ್ದಲ್ಲಿ.
ನಮ್ಮ ಕಚೇರಿ ಇರುವುದು ದಿಣ್ಣೆಯ ನೆತ್ತಿಯಲ್ಲಿ.
ಹೆಂಚಿನ ಮೂಡಣ ಮಗ್ಗುಲಿನ ನೀರು ಕಾವೇರಿಗೆ,
ಪಡುವಣದ್ದು ಪಯಸ್ವಿನಿಗೆ, ಎಂದು ಅಧ್ಯಕ್ಷರು
ಬಂದ ಅಧಿಕಾರಿಗಳಿಗೆಲ್ಲ ಹೇಳುತ್ತಾರೆ.
ನಾನು ಕಂಡಿದ್ದೇನೆ. ಎರಡೂ ಬೀಳುವುದು ಒಂದೇ ಚರಂಡಿಗೆ.
ಮುಂದಿನದು ಚರಂಡಿಗೆ ಬಿಟ್ಟದ್ದು.

ಜನಸಂಖ್ಯೆ ಆರುನೂರ ಹನ್ನೆರಡು.
ಕಾಫಿ ಕೊಯ್ಲಿನ ಜನವರಿಯಲ್ಲಿ ಎಣಿಸಿದ್ದರೆ ಸಾವಿರ ದಾಟುತ್ತಿತ್ತು;
ಲೈನ್‌ಮನೆಯವರು ಬರುವಾಗ ಎಣಿಸುವವರು ಬರುವುದಿಲ್ಲ.

ಇನ್ನು ಚಕ್ಕುಬಂದಿ.
ಬಡಗಣಕ್ಕೆ ಕಡಂಗ. ಯಾವ ನಾಡಿನವರು ಯಾರಿಗೆ ಹೆದರಿ ತೋಡಿದರೋ,
ಮೂರಾಳುದ್ದದ ಆ ಕಂದಕದಲ್ಲಿ
ಮೊಯ್ದುವಿನ ಆಡುಗಳು ಮಧ್ಯಾಹ್ನ ಮಲಗುತ್ತವೆ,
ಆನೆ ಬಂದರೆ ಮಾತ್ರ ಏಳುತ್ತವೆ.
ಪಡುವಣಕ್ಕೆ ದೇವರಕಾಡು, ಅಲ್ಲಿ ಕತ್ತಿ ಒಯ್ಯುವಂತಿಲ್ಲ,
ಆದ್ದರಿಂದ ಗಡಿ ಸವರಿದವರೂ ಇಲ್ಲ.
ತೆಂಕಣಕ್ಕೆ ತೋಡು. ನಕ್ಷೆಯಲ್ಲಿ ಅದು ಬರೀ 'ಹಳ್ಳ'.
ಎರವರ ಬೊಳಚಿ ಅದಕ್ಕೊಂದು ಹೆಸರು ಹೇಳಿದಳು;
ಎರಡು ಸಲ ಕೇಳಿದೆ, ಬರೆಯಲು ಹೋದರೆ
ನನ್ನ ಅಕ್ಷರಗಳಲ್ಲಿ ಅದು ನಿಲ್ಲಲಿಲ್ಲ.

ಮೂಡಣಕ್ಕೆ
ಬಾಂದುಕಲ್ಲು ಎಂದು ಬರೆದು, ಅಳಿಸಿದೆ.
ಗುಡ್ಡ ಜಾರಿದ ಆ ಆಗಸ್ಟಿನಲ್ಲಿ
ಕಲ್ಲು ತಾನೇ ಎದ್ದು ಇಳಿದುಹೋಯಿತು,
ಅರ್ಧ ಎಕರೆ ರೋಬಸ್ಟಾ, ಒಂದು ಕಣ, ಒಂದು ಹಲಸಿನ ಮರದ ಸಮೇತ,
ಪಕ್ಕದ ಕಿರುಕೊಲ್ಲಿ ಪಂಚಾಯಿತಿಯ ಒಳಕ್ಕೆ.
ಸರ್ವೆಯವರು ಬಂದು ಯಂತ್ರ ನಿಲ್ಲಿಸಿ
ಕಲ್ಲು ಜಾಗ ಬಿಟ್ಟಿದೆ ಎಂದರು.
ಬೊಳಚಿ ನಕ್ಕಳು: ಕಲ್ಲಿಗೆ ಕಾಲಿದೆಯಾ?
ನಡೆದದ್ದು ನೆಲ. ಕಲ್ಲು ಅದರ ಮೇಲೆ ಸುಮ್ಮನೆ ಕೂತಿತ್ತು.
ಅವಳ ಗುಡಿಸಲೂ ಅಲ್ಲೇ ಇತ್ತು. ನಮೂನೆ ಅದನ್ನು ಕೇಳಿಲ್ಲ.

ಶುಕ್ರವಾರ ಸಂಜೆ ಕಿರುಕೊಲ್ಲಿಯ ಬಿಲ್ ಕಲೆಕ್ಟರ್ ಪೂವಯ್ಯ ಫೋನು ಮಾಡಿದ.
ನಿಮ್ಮ ಹಲಸು ಇಲ್ಲಿ ನಿಂತೇ ಇದೆ ಮಾರಾಯ್ತಿ, ವಾಲಿಕೊಂಡು,
ಈ ವರ್ಷ ಕಾಯಿ ಬಿಟ್ಟಿದೆ, ಬುಡದಲ್ಲೇ ಹನ್ನೊಂದು.
ಯಾರು ಕೊಯ್ಯಬೇಕು?
ನಾನು ಸೀಲನ್ನು ಮಸಿಗೆ ಒತ್ತಿ ಹಿಡಿದಿದ್ದೆ.
ಬೊಳಚಿಯನ್ನು ಕೇಳಿ ಹೇಳುತ್ತೇನೆ, ಎಂದೆ.